ಕೀಲಿಕೈ ಕೊಡುವ ಗಿರಾಕಿ

ಲಕ್ಷ್ಮೇಶ್ವರದ ಒಂದು ಕಲ್ಯಾಣ ಮಂಟಪದ ಅಡುಗೆಮನೆ. ಹಿಂದಿನ ದಿನದ ಮದುವೆಯ ಎಣ್ಣೆಜಿಡ್ಡು, ಸಾರಿನ ಅರಿಶಿನ ಎಲ್ಲವೂ ಶಹಾಬಾದ್ ಫರಸಿಯ ಮೇಲೆ ಒಣಗಿ ಕೂತಿದ್ದವು. ಮಂಟಪ ನೋಡಿಕೊಳ್ಳುವ ಹುಡುಗ ತನಗೆ ಗೊತ್ತಿದ್ದ ಮದ್ದು ತಂದ, ಕಿರಾಣಿ ಅಂಗಡಿಯ ಆಸಿಡ್ ಬಾಟಲಿ. ಒಂದು ಮೂಲೆಗೆ ಸುರಿದದ್ದೇ ತಡ, ಬುಸ್ಸೆಂದು ನೊರೆ ಎದ್ದಿತು. ಕೆಲಸ ಕೇಳಲೆಂದು ಗದಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ ಅಕ್ಕ ಓಡಿಬಂದು ಅವನ ಕೈ ಹಿಡಿದರು. "ತಮ್ಮಾ, ನಿಲ್ಲಸು. ಅದು ಹೊಲಸು ತಿನ್ನಾಕತ್ತಿಲ್ಲ, ಫರಸಿ ತಿನ್ನಾಕತ್ತೈತಿ."

ಅವರು ಹೇಳಿದ್ದು ಅಕ್ಷರಶಃ ನಿಜ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ಸುಣ್ಣ ಕರಗಿ ಮೇಲ್ಮೈ ಒರಟಾಗುತ್ತದೆ, ಒರಟಾದ ಕಲ್ಲು ಮುಂದಿನ ಮದುವೆಯ ಎಣ್ಣೆಯನ್ನು ಇನ್ನೂ ಆಳಕ್ಕೆ ಕುಡಿಯುತ್ತದೆ. ಆ ಅಕ್ಕ ಒಲೆ ಮೇಲೆ ನೀರು ಕಾಯಿಸಿದರು, ಅದಕ್ಕೆ ಎರಡು ಮುಷ್ಟಿ ವಾಷಿಂಗ್ ಸೋಡಾ ಹಾಕಿ ನಾಲ್ಕೇ ನಾಲ್ಕು ಫರಸಿಗೆ ಹೊಯ್ದು ಬಿಟ್ಟರು. ಅರಿಶಿನದ ಕಲೆ ಕೆಂಪಗೆ ತಿರುಗಿತು, ಆರತಿ ನೀರಿಗೆ ಸುಣ್ಣ ಬಿದ್ದ ಹಾಗೆ. ಹುಡುಗ ಗಾಬರಿಯಾದ. ಹತ್ತು ನಿಮಿಷ ಬಿಟ್ಟು ನಾರಿನ ಬ್ರಶ್ಶಿನಿಂದ ಉಜ್ಜಿ ಎರಡು ಸಲ ನೀರು ಹೊಡೆದಾಗ ಜಿಡ್ಡಿನ ಜೊತೆಗೆ ಕೆಂಪೂ ಇಳಿದುಹೋಯಿತು. ಆ ಹೊತ್ತಿಗೆ ಮಂಟಪದ ಮಾಲೀಕರು ಬಂದರು. ನಾಲ್ಕು ಫರಸಿ ಬೆಳ್ಳಗೆ, ಉಳಿದ ನೆಲ ಕಪ್ಪಗೆ. ಅವರು ಕೇಳಿದ್ದು ಒಂದೇ ಮಾತು: "ಇಡೀ ಅಡಗಿಮನಿ ಎಷ್ಟಕ್ಕ ಮಾಡ್ತೀರಿ?"

ಸ್ವಚ್ಛತಾ ಕೆಲಸಕ್ಕೆ ವ್ಯಾಪಾರಿ ಗಿರಾಕಿ ಹಿಡಿಯುವುದು ಹೇಗೆ ಎಂದು ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಹೊಸದಾಗಿ ಧೈರ್ಯ ಮಾಡುತ್ತಿರುವ ಹುಡುಗರು ನನ್ನನ್ನು ಕೇಳಿದಾಗಲೆಲ್ಲ ಆ ನಾಲ್ಕು ಫರಸಿಯ ಕಥೆ ಹೇಳುತ್ತೇನೆ. ಕರಪತ್ರ, ವಿಸಿಟಿಂಗ್ ಕಾರ್ಡು, ವಾಟ್ಸ್ಆ್ಯಪ್ ಸ್ಟೇಟಸ್ಸು ಎಲ್ಲ ಆಮೇಲೆ. ಇಂಥ ಊರುಗಳಲ್ಲಿ ಗಿರಾಕಿ ನಂಬುವುದು ತನ್ನ ಸ್ವಂತ ನೆಲದ ಮೇಲೆ ತಾನೇ ಕಣ್ಣಾರೆ ಕಂಡದ್ದನ್ನು.

ಮನೆಗೆಲಸಕ್ಕೂ ಅಂಗಡಿ, ಆಫೀಸು, ದವಾಖಾನೆಯ ಕೆಲಸಕ್ಕೂ ಒಂದು ದೊಡ್ಡ ಅಂತರವಿದೆ. ಮನೆಯಲ್ಲಿ ಯಜಮಾನಿ ಎದುರಿಗಿರುತ್ತಾರೆ. ಪತ್ತಿನ ಸಂಘದ ಆಫೀಸು ಬೆಳಗ್ಗೆ ಹತ್ತಕ್ಕೆ ತೆರೆಯುವುದಾದರೆ ಕಸ ಹೊಡೆದು ನೆಲ ಒರೆಸಿ ಮುಗಿಯಬೇಕಾದದ್ದು ಒಂಬತ್ತೂವರೆಗೆ. ಅಲ್ಲಿ ಆಗ ಯಾರೂ ಇರುವುದಿಲ್ಲ. ಅಂದರೆ ಅವರು ನಿಮಗೆ ಗುತ್ತಿಗೆಯ ಜೊತೆಗೆ ಕೀಲಿಕೈಯನ್ನೂ ಕೊಡುತ್ತಿದ್ದಾರೆ. ಕಡತ, ಚೆಕ್ ಪುಸ್ತಕ, ಕಂಪ್ಯೂಟರ್ ಇರುವ ಕೋಣೆಗೆ ನಿಮ್ಮ ಮಂದಿಯನ್ನು ಒಬ್ಬರನ್ನೇ ಬಿಡುತ್ತಿದ್ದಾರೆ. ದರದ ಬಗ್ಗೆ ಜಗ್ಗಾಡುವ ಮಾಲೀಕರ ಮನಸ್ಸಿನ ತಳದಲ್ಲಿ ಇರುವುದು ಬಹಳ ಸಲ ಈ ಅಳುಕೇ. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆ ಉತ್ತರವನ್ನು ನೀವೇ ಮೊದಲು ಕೊಡಬೇಕು: ಬರುವವರು ಯಾರು, ಅವರ ಆಧಾರ್ ಪ್ರತಿ ಎಲ್ಲಿದೆ, ಒಬ್ಬರು ಬರದಿದ್ದ ದಿನ ಬದಲಿಗೆ ಬರುವವರು ಯಾರು, ಕೀಲಿಕೈ ಕೊಟ್ಟದ್ದು ತಗೊಂಡದ್ದು ಯಾವ ವಹಿಯಲ್ಲಿ ಬರೆಯುತ್ತೀರಿ.

ಬರೆದಿಟ್ಟು ನಂಬಿಕೆ ಗಳಿಸುವುದು ಗದಗ ಸೀಮೆಗೆ ಹೊಸದಲ್ಲ. ಊರಿಗೆ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಆ ಹಳ್ಳಿಯ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಒಬ್ಬರ ದುಡ್ಡನ್ನು ಇನ್ನೊಬ್ಬರು ನಂಬಿ ಇಡುವಂತೆ ಮಾಡಿದ್ದು ಲೆಕ್ಕದ ಪುಸ್ತಕ. ಇವತ್ತು ಗದಗ-ಬೆಟಗೇರಿಯಲ್ಲಿ ಓಣಿಗೊಂದರಂತೆ ಪತ್ತಿನ ಸಂಘಗಳಿವೆ, ಮತ್ತು ನನ್ನ ಅನುಭವದಲ್ಲಿ ಹೊಸಬರಿಗೆ ಅವೇ ಒಳ್ಳೆಯ ಮೊದಲ ಗಿರಾಕಿ. ಜಾಗ ಚಿಕ್ಕದು, ನಿರ್ಧಾರ ಮಾಡುವವರು ಊರಲ್ಲೇ ಇರುತ್ತಾರೆ, ಆಡಳಿತ ಮಂಡಳಿ ಸಭೆಯ ನಡಾವಳಿಯಲ್ಲಿ ಒಮ್ಮೆ ಬರೆದರೆ ವರ್ಷ ಪೂರ್ತಿ ಬಿಲ್ಲು ನಡೆಯುತ್ತದೆ. ವಾರ್ಷಿಕ ಸಾಮಾನ್ಯ ಸಭೆಗೆ ಹದಿನೈದು ದಿನ ಮೊದಲು ಕಾರ್ಯದರ್ಶಿಯನ್ನು ಕಂಡು "ಸಭಾದ ಮುಂಚೆ ಒಮ್ಮೆ ಫ್ಯಾನು, ಕಿಟಕಿ, ಕಪಾಟಿನ ಮ್ಯಾಲಿನ ಧೂಳು ತಗದು ಕೊಡ್ತೀವ್ರಿ" ಎಂದು ಕೇಳಿ ನೋಡಿ. ತಿಂಗಳ ಗುತ್ತಿಗೆ ಕೇಳುವುದಕ್ಕಿಂತ ಒಂದು ದಿನದ ಕೆಲಸ ಕೇಳುವುದು ಸುಲಭ, ಕೊಡುವುದೂ ಸುಲಭ.

ರಾಷ್ಟ್ರೀಕೃತ ಬ್ಯಾಂಕಿನ ಶಾಖೆಗೆ ಹೋಗಿ ಕಾಯುವುದರಲ್ಲಿ ಅರ್ಥವಿಲ್ಲ. ಅಲ್ಲಿಯ ದೊಡ್ಡ ಗುತ್ತಿಗೆ ತೀರ್ಮಾನವಾಗುವುದು ಸಾಮಾನ್ಯವಾಗಿ ಮೇಲಿನ ಕಚೇರಿಯಲ್ಲಿ. ಖಾಸಗಿ ದವಾಖಾನೆಯ ಮಾತು ಬೇರೆ. ಅಲ್ಲಿ ಹಣ ಕೊಡುವವರು ಡಾಕ್ಟರು, ಆದರೆ ನೀವು ಉಳಿಯುವುದು ಬಿಡುವುದು ಬಹುಮಟ್ಟಿಗೆ ಹಿರಿಯ ಸಿಸ್ಟರ್ ಕೈಯಲ್ಲಿದೆ. ರೌಂಡ್ಸ್ ಎಷ್ಟು ಹೊತ್ತಿಗೆ, ಓಪಿಡಿ ಯಾವಾಗ ತುಂಬುತ್ತದೆ, ಯಾವ ವಾರ್ಡು ಮಧ್ಯಾಹ್ನ ಖಾಲಿ ಎಂಬುದೆಲ್ಲ ಗೊತ್ತಿರುವುದು ಅವರಿಗೆ. ಕೊಟೇಶನ್ ಬರೆಯುವ ಮೊದಲು ಅವರ ಹತ್ತಿರ ಅರ್ಧ ತಾಸು ಕೂತು ಕೇಳಿದವರು ಬರೆಯುವ ಕಾಗದಕ್ಕೂ, ಬಾಗಿಲಲ್ಲೇ ನಿಂತು ಚದರಡಿ ಅಂದಾಜು ಹೊಡೆದವರು ಬರೆಯುವ ಕಾಗದಕ್ಕೂ ಅಜಗಜಾಂತರ.

ದವಾಖಾನೆ ಹಿಡಿಯುವವರು ಕಲಿಯಬೇಕಾದದ್ದು ಬಹಳ ಇದೆ, ಅದರಲ್ಲಿ ರಿಯಾಯಿತಿ ಇಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಕಸ ನಾಲ್ಕು ಬಣ್ಣಗಳಲ್ಲಿ ಬೇರೆಯಾಗಬೇಕು. ರಕ್ತ ತಾಗಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ. ಸಲೈನ್ ನಳಿಕೆ, ಸೂಜಿ ತೆಗೆದ ಸಿರಿಂಜು ಕೆಂಪಿಗೆ. ಸೂಜಿ, ಬ್ಲೇಡು ತೂತು ಬೀಳದ ಬಿಳಿ ಡಬ್ಬಿಗೆ. ಔಷಧದ ಗಾಜಿನ ಬಾಟಲಿ ನೀಲಿಗೆ. ಸಂಸ್ಕರಿಸದ ತ್ಯಾಜ್ಯವನ್ನು 48 ತಾಸಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅದನ್ನು ಮುಟ್ಟುವ ಕೆಲಸಗಾರರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವ ಹೊಣೆ ದವಾಖಾನೆಯದು. ಈ ಕೊನೆಯ ಮಾತನ್ನು ಮೊದಲ ಭೇಟಿಯಲ್ಲೇ ನೀವು ಕೇಳಿದರೆ ಎರಡು ಲಾಭ. ನಿಮ್ಮ ಮಂದಿಗೆ ರಕ್ಷಣೆ ಸಿಗುತ್ತದೆ, ಎದುರಿಗೆ ಕೂತ ಡಾಕ್ಟರಿಗೆ ಇವರು ಕೆಲಸ ಬಲ್ಲವರು ಎಂದು ಗೊತ್ತಾಗುತ್ತದೆ.

ಸಂಡಾಸಕ್ಕೆ ಕೆಂಪು ಅರಿವೆ, ವಾರ್ಡಿಗೆ ನೀಲಿ, ಆಫೀಸಿಗೆ ಹಸಿರು ಹೀಗೆ ಬಟ್ಟೆಯ ಬಣ್ಣವನ್ನೇ ಬೇರೆ ಮಾಡಿಟ್ಟುಕೊಂಡರೆ ಓದು ಬಾರದವರೂ ತಪ್ಪುವುದಿಲ್ಲ. ರಕ್ತ ಚೆಲ್ಲಿದ ಕಡೆ ಬಳಸಲು 1 ಪರ್ಸೆಂಟ್ ಹೈಪೋಕ್ಲೋರೈಟ್ ಬೇಕು. ಕ್ಯಾನಿನ ಮೇಲೆ 5 ಪರ್ಸೆಂಟ್ ಎಂದು ಬರೆದಿದ್ದರೆ ಒಂದು ಲೀಟರಿಗೆ ನಾಲ್ಕು ಲೀಟರ್ ನೀರು. ಇನ್ನೊಂದು ಮಾತನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ: ಬ್ಲೀಚಿಂಗ್ ಪೌಡರನ್ನೂ ಆಸಿಡನ್ನೂ ಎಂದಿಗೂ ಕೂಡಿಸಬಾರದು. ಕೂಡಿದರೆ ಏಳುವುದು ಕ್ಲೋರಿನ್ ಅನಿಲ. ಕಿಟಕಿಯಿಲ್ಲದ ಸಂಡಾಸದಲ್ಲಿ ಅದು ಜೀವಕ್ಕೇ ಬರುತ್ತದೆ.

ಗದಗಿನ ಜಿಮ್ಸ್ ಆಸ್ಪತ್ರೆ, ವಿಶ್ವವಿದ್ಯಾಲಯ, ಸರಕಾರಿ ಕಚೇರಿಗಳ ಕೆಲಸ ಬಹುತೇಕ ಟೆಂಡರಿನ ದಾರಿಯದು. 1999ರ ಪಾರದರ್ಶಕತೆ ಕಾಯ್ದೆಯ ಅಡಿ ರಾಜ್ಯದ ಸಂಗ್ರಹಣಾ ಪೋರ್ಟಲ್‌ನಲ್ಲಿ ಕರೆಯುತ್ತಾರೆ, ಕೆಲವು ಕೇಂದ್ರದ ಖರೀದಿ ತಾಣ ಜೆಮ್‌ನಲ್ಲಿ ಬರುತ್ತವೆ. ಹಿಂದಿನ ವರ್ಷಗಳ ವಹಿವಾಟು, ಮಾಡಿದ ಕೆಲಸದ ಪ್ರಮಾಣಪತ್ರ, ಇಎಂಡಿ ಠೇವಣಿ ಎಲ್ಲ ಕೇಳುತ್ತಾರೆ, ಮೊದಲ ವರ್ಷದವರಿಗೆ ಎಟುಕುವುದಿಲ್ಲ. ಆದರೂ ಆ ಟೆಂಡರ್ ಕಾಗದ ತೆಗೆದು ಓದಿ. ಯಾವ ನೆಲವನ್ನು ದಿನಕ್ಕೆ ಎಷ್ಟು ಸಲ ಒರೆಸಬೇಕು, ಎಷ್ಟು ಮಂದಿ, ತಪ್ಪಿದರೆ ಎಷ್ಟು ದಂಡ ಎಂದು ಅದರಲ್ಲಿ ಬಿಡಿಸಿ ಬರೆದಿರುತ್ತಾರೆ. ಚಿಕ್ಕ ನರ್ಸಿಂಗ್ ಹೋಮಿಗೆ ನೀವು ಬರೆಯುವ ಕೊಟೇಶನ್ನಿಗೆ ಅದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಇನ್ನು ನಮ್ಮ ಸೀಮೆಯ ನೀರು ಮತ್ತು ಮಣ್ಣು. ಎರೆ ಭೂಮಿಯ ಧೂಳು ಬೇಸಿಗೆಯಲ್ಲಿ ಮುಚ್ಚಿದ ಕಿಟಕಿಯ ಸಂದಿಯಲ್ಲೂ ನುಗ್ಗುತ್ತದೆ, ಮಳೆಗಾಲದಲ್ಲಿ ಅದೇ ಮಣ್ಣು ಚಪ್ಪಲಿಗೆ ಅಂಟಿ ಒಳಗೆ ಬಂದು ಕಲ್ಲಾಗುತ್ತದೆ. ಬೋರಿನ ಸವಳು ನೀರಿನಲ್ಲಿ ಒರೆಸಿದರೆ ಟೈಲ್ಸಿನ ಮೇಲೆ ಬಿಳಿ ಪೊರೆ ಕೂರುತ್ತದೆ. ಅವಳಿ ನಗರಕ್ಕೆ ತುಂಗಭದ್ರೆಯ ನೀರು ದಿನವೂ ಬರುವುದಿಲ್ಲ; ಬೇಸಿಗೆಯ ತಾಪತ್ರಯ ಇಲ್ಲಿಯವರಿಗೆ ನಾನು ಹೇಳಬೇಕಿಲ್ಲ. ಹೀಗಿರುವಾಗ ಬಕೆಟ್‌ಗಟ್ಟಲೆ ನೀರು ಹೊಡೆದು ತೊಳೆಯುತ್ತೇವೆ ಎಂದವರಿಗಿಂತ, ಚಪ್ಪಟೆ ಮಾಪಿನಲ್ಲಿ ಎರಡು ಬಕೆಟ್‌ನೊಳಗೆ ಮುಗಿಸುತ್ತೇವೆ ಎಂದವರ ಮಾತಿಗೆ ತೂಕ ಹೆಚ್ಚು. ಬಾಗಿಲ ಹೊರಗೆ ಒಂದು, ಒಳಗೆ ಒಂದು ಒರಟು ಮ್ಯಾಟ್ ಹಾಕಿಸಿ ಎಂದು ಗಿರಾಕಿಗೆ ಹೇಳಿಕೊಡಿ. ಎರೆ ಮಣ್ಣಿನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ತನ್ನ ಕೆಲಸ ಕಡಿಮೆ ಮಾಡುವ ದಾರಿಯನ್ನು ತಾನೇ ಹೇಳಿಕೊಡುವ ಗುತ್ತಿಗೆದಾರರನ್ನು ಯಾವ ಮಾಲೀಕರೂ ಬಿಡುವುದಿಲ್ಲ.

2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ 1 ಲಕ್ಷ 72 ಸಾವಿರ ಚಿಲ್ಲರೆ. ಒಂದು ಚಿಕ್ಕ ತಂಡಕ್ಕೆ ಊರೊಳಗೇ ಸಾಕಷ್ಟು ಕೆಲಸವಿದೆ. ಮುದ್ರಣಾಲಯಗಳಿಗೆ ಹೆಸರಾದ ಊರು ಇದು, ಅಲ್ಲಿ ಕಾಗದದ ಪುಡಿ ಮತ್ತು ಮಸಿ. ನೀರು ತಾಗಿದರೆ ಹಾಳೆಯ ಕಟ್ಟು ಹೋಯಿತು, ಆದ್ದರಿಂದ ಒಣ ಕೆಲಸ. ಎಪಿಎಂಸಿಯ ದಲಾಲಿ ಅಂಗಡಿಗಳಲ್ಲಿ ಮೆಣಸಿನಕಾಯಿ ಹಂಗಾಮು ಮುಗಿದ ಮೇಲೆ ಕಾಲಿಟ್ಟವರಿಗೆ ಗೊತ್ತು, ಮೂಗಿಗೆ ಕಣ್ಣಿಗೆ ಕಟ್ಟಿಕೊಳ್ಳದೆ ಕಸಬರಿಗೆ ಹಿಡಿಯುವಂತಿಲ್ಲ. ಶಾಲೆ ಕಾಲೇಜಿನ ಕೆಲಸ ಸಿಗುವುದು ಮೇ ತಿಂಗಳ ಕೊನೆಯ ವಾರ.

ಶಿರಹಟ್ಟಿ, ಲಕ್ಷ್ಮೇಶ್ವರ ಹತ್ತಿರ ಹತ್ತಿರ ಇರುವ ಊರುಗಳು, ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಮುಂಡರಗಿ ಡಂಬಳದ ದಾರಿಯಲ್ಲಿ ಬೇರೆ ದಿಕ್ಕು. ಮೂರೂ ಊರಿನಲ್ಲಿ ಒಂದೊಂದು ಗಿರಾಕಿ ಹಿಡಿದವರು ಪೆಟ್ರೋಲಿಗೆ ದುಡಿಯುತ್ತಾರೆ. ಒಂದು ದಾರಿಯ ಮೇಲೆ ಐದು ಗಿರಾಕಿ ಆಗುವ ತನಕ ಇನ್ನೊಂದು ದಾರಿ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂಡರಗಿಯ ಕೆಲಸ ಬಂದರೆ ಗದಗಿನಿಂದ ಮಂದಿ ಕಳಿಸುವ ಬದಲು ಅಲ್ಲಿಯ ಸಂಘದ ಇಬ್ಬರಿಗೆ ಕೆಲಸ ಕಲಿಸಿ, ವಾರಕ್ಕೊಮ್ಮೆ ಹೋಗಿ ನೋಡಿ ಬನ್ನಿ. ಹಳ್ಳಿಯ ಹೆಣ್ಣುಮಕ್ಕಳಿಗೆ ಇದು ಆಗುತ್ತದೆಯೇ ಎಂದು ಅನುಮಾನಿಸುವವರು ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿಗಳನ್ನು ನೋಡಬೇಕು. ರಾಜ್ಯದ ಎಷ್ಟೋ ಪಂಚಾಯಿತಿಗಳಲ್ಲಿ ಸಂಜೀವಿನಿ ಒಕ್ಕೂಟದವರು ಕರಾರು ಮಾಡಿಕೊಂಡು ಕಸದ ಗಾಡಿಯನ್ನು ತಾವೇ ಓಡಿಸುತ್ತಿದ್ದಾರೆ.

ಈಗ ದರ. ಎಲ್ಲರೂ ಎಡವುವುದು ಇಲ್ಲೇ, ಅದಕ್ಕೆ ಲೆಕ್ಕವನ್ನು ಪೂರ್ತಿ ಬಿಡಿಸಿ ಇಡುತ್ತೇನೆ. ಒಂದು ನರ್ಸಿಂಗ್ ಹೋಮಿಗೆ ಇಬ್ಬರು ಬೇಕು ಎಂದುಕೊಳ್ಳಿ. ಉದಾಹರಣೆಗೆ ದಿನದ ಪಗಾರ 500 ರೂಪಾಯಿ ಹಿಡಿಯೋಣ (ನಿಜವಾಗಿ ಬರೆಯುವಾಗ ಸರಕಾರದ ಆ ವರ್ಷದ ಕನಿಷ್ಠ ವೇತನದ ಪಟ್ಟಿ ನೋಡಲೇಬೇಕು). 26 ದಿನಕ್ಕೆ ಒಬ್ಬರಿಗೆ 13,000, ಇಬ್ಬರಿಗೆ 26,000. ಇಎಸ್ಐಗೆ ಮಾಲೀಕರ ಪಾಲು 3.25 ಪರ್ಸೆಂಟ್, 845 ರೂಪಾಯಿ. ಪಿಎಫ್ ಮತ್ತು ಅದರ ಖರ್ಚು ಸೇರಿ 13 ಪರ್ಸೆಂಟ್, 3,380. ಫಿನೈಲ್, ಮಾಪು, ಕೈಗವಸು ಇತ್ಯಾದಿಗೆ 2,500. ಒಟ್ಟು 32,725. ನಿಮ್ಮ ಓಡಾಟ, ಮೇಲ್ವಿಚಾರಣೆ, ಲಾಭಕ್ಕೆ 3,275 ಸೇರಿಸಿದರೆ 36,000. ವರ್ಷದ ವಹಿವಾಟು 20 ಲಕ್ಷ ದಾಟಿದವರಾದರೆ ಇದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್, 6,480. ಬಿಲ್ಲು 42,480.

ಇದೇ ಕೆಲಸಕ್ಕೆ ಇನ್ನೊಬ್ಬರು ಬಂದು 28,000ಕ್ಕೆ ಮಾಡುತ್ತೇನೆ ಅನ್ನುತ್ತಾರೆ. ಸಾಮಾನಿನ 2,500 ಕಳೆದರೆ ಉಳಿಯುವುದು 25,500. ಇಬ್ಬರ ಬರೀ ಪಗಾರಕ್ಕೇ 500 ಕಡಿಮೆ, ಆತ ಒಂದು ರೂಪಾಯಿ ಲಾಭ ಇಟ್ಟುಕೊಳ್ಳದಿದ್ದರೂ. ಆ ಕಡಿಮೆ ಬಿದ್ದ ದುಡ್ಡು ಬರುವುದು ಎಲ್ಲಿಂದ? ನೆಲ ಒರೆಸುವ ಹೆಣ್ಣುಮಗಳ ಪಗಾರದಿಂದ. ಹತ್ತು ಮಂದಿ ಆದ ಮೇಲೆ ಇಎಸ್ಐ, ಇಪ್ಪತ್ತು ಆದ ಮೇಲೆ ಪಿಎಫ್ ಎಂಬ ಮಿತಿ ಹಿಡಿದು ಸಣ್ಣವರು ಅವನ್ನು ಬಿಟ್ಟು ಲೆಕ್ಕ ಹಾಕುವುದುಂಟು. ಆದರೆ ಪಗಾರಕ್ಕೆ ಕೈ ಹಾಕಿ ದರ ಇಳಿಸುವುದು ಸರಿಯಲ್ಲ, ಮತ್ತು ಅದು ಬಾಳುವುದೂ ಇಲ್ಲ. ಮೂರನೆಯ ತಿಂಗಳಿಗೆ ಮಂದಿ ಬಿಡುತ್ತಾರೆ, ನಾಲ್ಕನೆಯದಕ್ಕೆ ಗಿರಾಕಿ.

ಈ ಲೆಕ್ಕವನ್ನು ಮುಚ್ಚಿಡದೆ ಹಾಗೇ ಗಿರಾಕಿಯ ಮುಂದಿಡಿ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಅದನ್ನು ತುಂಬಿಕೊಡಬೇಕಾದವರು ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರು ಎಂಬ ತತ್ವ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಅಗ್ಗದ ಕೊಟೇಶನ್ ಒಪ್ಪಿಕೊಂಡವರು ಈ ಹೊಣೆಯನ್ನೂ ಮೈಮೇಲೆ ಎಳೆದುಕೊಂಡಿರುತ್ತಾರೆ ಎಂಬುದನ್ನು ಹೇಳುವುದರಲ್ಲಿ ಸಂಕೋಚ ಬೇಡ.

ಹಣ ವಸೂಲಿಯ ಬಗ್ಗೆ ಒಂದು ಕಹಿ ಅನುಭವ ಹೇಳಬೇಕು. ನನ್ನ ಪರಿಚಯದ ತಂಡವೊಂದಕ್ಕೆ ಐದು ತಿಂಗಳ ಬಿಲ್ಲು ನಿಂತುಹೋಯಿತು. ಬರಹದಲ್ಲಿ ಏನೂ ಇರಲಿಲ್ಲ. ಕರಾರು ಏಕೆ ಎಂದು ಅವರಿಗೆ ಹೇಳಿದವರಲ್ಲಿ ನಾನೂ ಒಬ್ಬ. ಗುರುತಿನವರು, ಊರವರು, ಬಾಯಿಮಾತು ಸಾಕು ಎಂದಿದ್ದೆ. ಪಗಾರ ಕೊಡಲು ಆ ತಂಡ ನಡೆಸುತ್ತಿದ್ದ ತಾಯಿ ಕೊರಳಿನ ಸರ ಒತ್ತೆ ಇಟ್ಟರು. ಅಂದಿನಿಂದ ನಾನು ಆ ಮಾತು ಆಡಿಲ್ಲ.

ಮೊದಲು ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್ಎಂಇ ಕಾಯ್ದೆಯಂತೆ ಅತಿಸಣ್ಣ, ಸಣ್ಣ ಉದ್ಯಮಗಳ ಬಿಲ್ಲನ್ನು ಬರಹದ ಕರಾರಿದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇದಕ್ಕೆ ಇನ್ನೊಂದು ಬಿಗಿ ಹಾಕಿತು: ಈ ಗಡುವು ಮೀರಿ ಉಳಿಸಿಕೊಂಡ ಬಿಲ್ಲನ್ನು ನಿಜವಾಗಿ ಕೊಟ್ಟ ವರ್ಷದವರೆಗೆ ಗಿರಾಕಿ ತನ್ನ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಡಾಕ್ಟರಿಗೆ ಇದು ಗೊತ್ತಿರಲಿಕ್ಕಿಲ್ಲ, ಅವರ ಆಡಿಟರಿಗೆ ಚೆನ್ನಾಗಿ ಗೊತ್ತು. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚು ಹಾಕಿಸಿದರೆ ಮಾರ್ಚ್ ಬರುವ ಮೊದಲೇ ಆಡಿಟರೇ ನಿಮ್ಮ ಪರವಾಗಿ ಮಾತಾಡುತ್ತಾರೆ.

ಕೆಲಸ ಕುದುರಿದ ಮೇಲೆ ಕೆಲವರು ಮೆಲ್ಲಗೆ ಒಂದು ಮಾತು ಸೇರಿಸುತ್ತಾರೆ: "ಹಂಗ ಆ ಸಂಡಾಸದ ಗುಂಡೀನೂ ಒಮ್ಮೆ ತಗದು ಬಿಡ್ರಿ." ಇದಕ್ಕೆ ಇಲ್ಲ ಎನ್ನಬೇಕು, ಗಿರಾಕಿ ಹೋದರೆ ಹೋಗಲಿ. ಕೈಯಿಂದ ಮಲ ಬಳಿಯುವುದನ್ನು ನಿಷೇಧಿಸುವ 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಗುಂಡಿಗೆ, ಮ್ಯಾನ್‌ಹೋಲಿಗೆ ಇಳಿಸುವುದನ್ನು ಅಪರಾಧ ಎಂದಿದೆ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ಸಚಿವ ಬಸವಲಿಂಗಪ್ಪನವರು ನಿಷೇಧಿಸಿದ ನಾಡು ನಮ್ಮದು. ಸಕ್ಕಿಂಗ್ ಯಂತ್ರಕ್ಕೆ ಸ್ಥಳೀಯ ಸಂಸ್ಥೆಗೆ ಫೋನ್ ಮಾಡಿ ಎಂದು ಹೇಳಿ, ನಂಬರನ್ನೂ ನೀವೇ ಕೊಡಿ.

ಕಸಬರಿಗೆ ಹಿಡಿದವರಿಗೆ ಚಹಾದ ಕಪ್ಪು ಬೇರೆ ಇಡುವ ಕಡೆ ಎಷ್ಟೇ ದುಡ್ಡು ಕೊಟ್ಟರೂ ನಿಲ್ಲಬಾರದು ಎಂದು ಆ ಗದಗಿನ ಅಕ್ಕ ತಮ್ಮ ಮಂದಿಗೆ ಹೇಳಿದ್ದಾರೆ. ಅದನ್ನು ಅವರು ಕರಾರಿನಲ್ಲಿ ಬರೆದಿಲ್ಲ. ಮೊದಲ ವಾರ ತಾವೇ ಹೋಗಿ, ತಾವೇ ಚಹಾ ಕುಡಿದು ನೋಡಿ ಬರುತ್ತಾರೆ.

ಮೊನ್ನೆ ಶಿರಹಟ್ಟಿಗೆ ಹೋದಾಗ ಅವರು ಸಿಕ್ಕರು. ಬೆಳಗ್ಗೆ ಆರೂ ನಲವತ್ತು. ಪತ್ತಿನ ಸಂಘವೊಂದರ ಮೆಟ್ಟಿಲ ಮೇಲೆ ಕಾರ್ಯದರ್ಶಿಯ ಮಗ ಸೈಕಲ್ ನಿಲ್ಲಿಸಿ, ದಾರ ಕಟ್ಟಿದ ಎರಡು ಕೀಲಿಕೈ ಅವರ ಕೈಗೆ ಹಾಕಿದ. "ಅಪ್ಪ ಹೇಳ್ಯಾರ್ರಿ, ನಾಳಿಂದ ನೀವ ಇಟಗೊಳ್ರಂತ." ಅಕ್ಕ ಚೀಲದಿಂದ ವಹಿ ತೆಗೆದು ತಾರೀಖು, ಹೊತ್ತು, "ಕೀಲಿಕೈ 2" ಎಂದು ಬರೆದು ಹುಡುಗನ ಸಹಿ ಹಾಕಿಸಿದರು. ಆಮೇಲೆ ಬಾಗಿಲು ತೆರೆಯುವ ಮೊದಲು ಹೊರಗಿನ ಮೆಟ್ಟಿಲಿನಿಂದಲೇ ಕಸ ಹೊಡೆಯಲು ಶುರು ಮಾಡಿದರು.